ಯಾರಿಗೂ ಬೇಡದ ಹಸಿರೆ?

ಈಚೆಗೆ ನಮ್ಮ ಕಡೆಯ ಪಟ್ಟಣಗಳಿಗೂ ಒಂದು ಹೊಸ ಮಾತು ಬಂದಿದೆ. ‘ಸದುಪಯೋಗವಾಗದ ಹಸಿರು ಜಾಗ’ ಎಂಬುದು ಆ ಮಾತು. ಊರ ನಡುವೆಯೋ ಅಂಚಿನಲ್ಲಿಯೋ ಇರುವ ತೋಪು, ಕೆರೆಯಂಗಳ, ಗುಡ್ಡದ ತಪ್ಪಲು, ಬಡಾವಣೆ ಕಟ್ಟುವಾಗ ಉದ್ಯಾನಕ್ಕೆಂದು ಬಿಟ್ಟು ಆಮೇಲೆ ಮರೆತ ಮೂಲೆ, ಇವೆಲ್ಲ ವ್ಯರ್ಥವಾಗಿ ಬಿದ್ದಿವೆಯಂತೆ. ಭೂದೃಶ್ಯ ವಿನ್ಯಾಸ ಬಲ್ಲವರನ್ನು ಕರೆಸಿ, ನಕ್ಷೆ ಬರೆಸಿ, ಬೇಲಿ ಹಾಕಿಸಿ, ಹುಲ್ಲುಹಾಸು ಬೆಳೆಸಿ, ನಡುವೆ ಒಂದು ಕಾರಂಜಿ ಚಿಮ್ಮಿಸಿದರೆ ನಾಗರಿಕರ ಉಪಯೋಗಕ್ಕೆ ಬರುತ್ತವೆಯಂತೆ. ಮಾತು ಕೇಳಲು ಸೊಗಸಾಗಿದೆ. ಚಳ್ಳಕೆರೆ, ಮೊಳಕಾಲ್ಮೂರುಗಳಂಥ ಬಿಸಿಲೂರುಗಳಲ್ಲಿ ಉದ್ಯಾನ ಬೇಡವೆನ್ನುವವರು ಯಾರಿದ್ದಾರೆ? ನಾನೂ ಬೇಡವೆನ್ನುವುದಿಲ್ಲ. ನನ್ನ ತಕರಾರೆಲ್ಲ ಆ ವಿಶೇಷಣದ ಮೇಲೆ. ಸದುಪಯೋಗವಾಗದ್ದು ಎಂದು ತೀರ್ಮಾನಿಸಿದವರು ಯಾರು? ಅವರು ಯಾವ ತಿಂಗಳಲ್ಲಿ ಬಂದು ನೋಡಿದರು? ಹಗಲಿನ ಎಷ್ಟು ಗಂಟೆಗೆ? ಎಷ್ಟು ಹೊತ್ತು ನಿಂತಿದ್ದರು?

ಈ ಪ್ರಶ್ನೆಗಳನ್ನು ಸುಮ್ಮನೆ ಕೆಣಕಲು ಕೇಳುತ್ತಿಲ್ಲ. ಈ ಸೀಮೆಯಲ್ಲಿ ಒಂದು ಜಾಗವನ್ನು ಉಪಯೋಗವಿಲ್ಲದ್ದು ಎಂದು ಕರೆದ ಮೇಲೆ, ಅದನ್ನು ಅಲ್ಲಿಯ ತನಕ ಉಪಯೋಗಿಸುತ್ತಿದ್ದವರು ಎದ್ದು ಹೋಗಬೇಕಾಗಿ ಬಂದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹಾಗೆ ನೋಡಿದರೆ ಇದು ತೀರ ಹೊಸ ಮಾತೇನೂ ಅಲ್ಲ; ಹಳೆಯ ಮಾತಿಗೆ ಹೊಸ ಅಂಗಿ ತೊಡಿಸಿದ್ದಾರೆ. ಕಂದಾಯ ಇಲಾಖೆಯ ಕಡತಗಳಲ್ಲಿ ‘ಖರಾಬು’ ಎಂಬ ಶಬ್ದವುಂಟು. ಉಳುವುದಕ್ಕೆ ಬಾರದ, ಕಂದಾಯ ಹುಟ್ಟದ ನೆಲವೆಲ್ಲ ಖರಾಬು. ಖರಾಬು ಎಂದರೆ ಕೆಟ್ಟದ್ದು ಎಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಹಳ್ಳ, ಕಾಲುದಾರಿ, ಬಂಡೆ, ಸ್ಮಶಾನ, ದನ ಮೇಯುವ ಹುಲ್ಲುಬನ್ನಿ, ಊರವರೆಲ್ಲ ನಂಬಿಕೊಂಡಿರುವ ಇಷ್ಟೂ ನೆಲ ಲೆಕ್ಕದಲ್ಲಿ ಕೆಟ್ಟದ್ದು. ಸರ್ಕಾರಕ್ಕೆ ರೂಪಾಯಿ ಕೊಡಲಿಲ್ಲವೆಂಬುದೊಂದೇ ಅದರ ದೋಷ. ಅದೇ ಸರ್ಕಾರ ಇನ್ನೊಂದು ಕೈಯಿಂದ, ಪ್ರತಿ 100 ರಾಸುಗಳಿಗೆ 30 ಎಕರೆಯಂತೆ ಗೋಮಾಳ ಬಿಡಬೇಕೆಂದು 1966ರ ಭೂಕಂದಾಯ ನಿಯಮಗಳಲ್ಲಿ ಬರೆಯಿತು. ಒಂದು ಕೈ ಬರೆದದ್ದನ್ನು ಇನ್ನೊಂದು ಕೈ ಓದಿದಂತೆ ಕಾಣುವುದಿಲ್ಲ. ಹಳೆಯ ಶಾನುಭೋಗರು ಖರಾಬು ಎಂದರು; ಈಗಿನ ನಕಾಶೆಯವರು ಸದುಪಯೋಗವಾಗದ್ದು ಎನ್ನುತ್ತಾರೆ. ಶಾನುಭೋಗರೇ ವಾಸಿ. ಖರಾಬೆಂದು ಬರೆದು ಆ ಜಾಗವನ್ನು ಅದರ ಪಾಡಿಗೆ ಬಿಟ್ಟರು.

ಹೋದ ಬೇಸಗೆಯಲ್ಲಿ ಇಂಥ ಯೋಜನೆಯೊಂದರ ನಕ್ಷೆಯನ್ನು ನೋಡುವ ಯೋಗ ನನಗೆ ಬಂತು. ಯಾವ ಊರು, ಯಾರ ಯೋಜನೆ ಎಂದು ಹೇಳುವುದಿಲ್ಲ. ಹೇಳಿದರೆ ಮಾತು ವ್ಯಕ್ತಿಗಳ ಮೇಲೆ ಹೋಗಿ ವಿಷಯ ಹಿಂದುಳಿಯುತ್ತದೆ. ನಕ್ಷೆ ಬರೆದ ಹುಡುಗ ವಿನಯವಂತ, ಓದಿದವನು. ಊರ ಪಕ್ಕದ ಒಂದು ಹಳೆಯ ತೋಪಿನ ಮೇಲೆ ಹಸಿರು ಬಣ್ಣ ಬಳಿದು, ನಡುವೆ ಹಾವು ಹರಿದಂತೆ ಕಾಲುದಾರಿ ಎಳೆದು, ಅಂಚಿಗೆ ಕಬ್ಬಿಣದ ಬೇಲಿಯನ್ನು ಗುರುತು ಮಾಡಿದ್ದ.

“ಇಲ್ಲಿ ಯಾರೂ ಬರೋದೇ ಇಲ್ಲ ಸಾರ್. ನಾನೇ ಎರಡು ಸಲ ಬಂದು ನೋಡಿದೀನಿ” ಎಂದ.

“ಯಾವಾಗ ಬಂದಿದ್ದಿರಿ?”

“ಜುಲೈಯಲ್ಲಿ ಒಂದ್ಸಲ, ಡಿಸೆಂಬರಲ್ಲಿ ಒಂದ್ಸಲ. ಬೆಳಿಗ್ಗೆ ಹನ್ನೊಂದು ಗಂಟೆ ಹೊತ್ತಿಗೆ.”

ಜುಲೈ ತಿಂಗಳಲ್ಲಿ ಶೇಂಗಾ ಬಿತ್ತನೆಯ ಗಡಿಬಿಡಿ. ಊರಿಗೆ ಊರೇ ಹೊಲದಲ್ಲಿರುತ್ತದೆ. ಡಿಸೆಂಬರಿನ ಹನ್ನೊಂದು ಗಂಟೆಗೆ ನೆರಳು ಯಾರಿಗೆ ಬೇಕು? ಎಲ್ಲರೂ ಬಿಸಿಲು ಕಾಯಿಸುತ್ತಿರುತ್ತಾರೆ. ಆ ಹುಡುಗನ ತಪ್ಪೆಂದು ನಾನು ಹೇಳಲಾರೆ. ಎರಡು ಸಲ ಬಂದು ಹೋಗುವುದಕ್ಕೆ ಬೇಕಾದಷ್ಟೇ ಖರ್ಚನ್ನು ಅವನಿಗೆ ಕೊಟ್ಟವರು ಬೇರೆ.

ಆ ತೋಪಿನ ಒಂದು ದಿನವನ್ನು ನಾನು ಬಲ್ಲೆ. ಏಪ್ರಿಲ್ ತಿಂಗಳ ದಿನವೆಂದೇ ಇಟ್ಟುಕೊಳ್ಳಿ. ಬೆಳಕು ಹರಿಯುವ ಮೊದಲೇ ಸಕ್ಕರೆ ಕಾಯಿಲೆಯ ಹಿರಿಯರು ನಾಲ್ಕಾರು ಜನ ಅಲ್ಲಿ ಸುತ್ತು ಹಾಕುತ್ತಾರೆ. ಅವರು ಹೋಗುವಷ್ಟರಲ್ಲಿ ಕಂಬಳಿ ನೇಯುವ ಮನೆಯವರು ಬಂದು ಹಾಸನ್ನು ಮರದಿಂದ ಮರಕ್ಕೆ ಎಳೆದು, ಹುಣಸೆ ಬೀಜದ ಸರಿ ಹಚ್ಚಿ ಒಣಗಿಸುತ್ತಾರೆ. ಹತ್ತು ಗಂಟೆಗೆ ಹಾಸು ಸುತ್ತಿಕೊಂಡು ಹೊರಟರೆ, ಹನ್ನೆರಡರಿಂದ ಮೂರರವರೆಗೆ ಮಂಡಿಯ ಹಮಾಲರ ನಿದ್ದೆ. ಅವರ ಬದಿಯಲ್ಲೇ ಮೇಕೆಗಳ ನಿದ್ದೆ. ಒಬ್ಬಿಬ್ಬರು ಹೆಂಗಸರು ಬೇವಿನ ಬೀಜ ಆರಿಸುತ್ತಾರೆ. ಹೊಂಗೆಯ ಕಾಯಿ ಉದುರುವ ಕಾಲದಲ್ಲಿ ಅದನ್ನೂ ಆರಿಸಿ ಎಣ್ಣೆಯ ಅಂಗಡಿಗೆ ಹಾಕುತ್ತಾರೆ. ನಾಲ್ಕಕ್ಕೆ ಶಾಲೆ ಬಿಟ್ಟ ಹುಡುಗರ ಚೆಂಡು ದಾಂಡು. ಜಾತ್ರೆಯ ಕಾಲವಾದರೆ ಗೌರಸಮುದ್ರಕ್ಕೋ ನಾಯಕನಹಟ್ಟಿಗೋ ಹೊರಟ ಗಾಡಿಗಳು ಅಲ್ಲಿ ತಂಗುತ್ತವೆ. ಮೂರು ಕಲ್ಲಿಟ್ಟು ಅಡಿಗೆ ಮಾಡುತ್ತಾರೆ. ವರ್ಷಕ್ಕೊಮ್ಮೆ ಅಲೆಮಾರಿಗಳ ಡೇರೆ ಬೀಳುತ್ತದೆ. ಬಯಲಾಟ ಕಲಿಯುವವರು ರಾತ್ರಿ ತಾಳ ಹಾಕುವುದೂ ಅಲ್ಲೇ. ಇಷ್ಟೆಲ್ಲ ನಡೆಯುವ ಜಾಗಕ್ಕೆ ಒಂದು ಬೆಂಚು ಇಲ್ಲ, ಒಂದು ಫಲಕ ಇಲ್ಲ. ಆದ್ದರಿಂದ ನಕ್ಷೆಯ ಲೆಕ್ಕದಲ್ಲಿ ಅಲ್ಲಿ ಯಾರೂ ಇಲ್ಲ. ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜಿಗೆ ಈ ನಕ್ಷೆಯ ವಿಷಯ ಹೇಳಿದೆ. “ಬೇಲಿ ಹಾಕ್ತಾರಂತೇನಪ್ಪ? ಮುಂಚೇನೇ ಒಂದ್ ಮಾತು ಕೇಳಿದ್ರೆ ಹೇಳ್ತಿದ್ವಿ” ಎಂದಳು. ಏನು ಹೇಳುತ್ತಿದ್ದಳೆಂದು ನಾನು ಕೇಳಲಿಲ್ಲ. ಅವಳೂ ನಿಲ್ಲಲಿಲ್ಲ, ಮೇಕೆ ಮುಂದೆ ಹೋಗಿದ್ದವು.

ಒಂದು ತೋಪಿನ ಸಂಗತಿಗೆ ಇಷ್ಟು ರಂಪವೇಕೆ ಎನ್ನುವವರು ಊರ ಹೊರಗಿನ ಕಾವಲುಗಳ ಕಥೆಯನ್ನು ನೆನೆಯಬೇಕು. ಪಟ್ಟಣದ ಉದ್ಯಾನದ ಮಾತಿಗೂ ಕಾವಲಿಗೂ ಏನು ಸಂಬಂಧವೆಂದರೆ, ಅಲ್ಲಿ ಸಾವಿರ ಎಕರೆಗಳ ಲೆಕ್ಕದಲ್ಲಿ ನಡೆದದ್ದೇ ಇಲ್ಲಿ ಗುಂಟೆಯ ಲೆಕ್ಕದಲ್ಲಿ ನಡೆಯುತ್ತಿದೆ.

ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳು ಇಂದು ನಿನ್ನೆಯವಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಅರಮನೆಯ ದನಗಳ ಇಲಾಖೆಯನ್ನು ಹೈದರಾಲಿ ಸೈನ್ಯದ ಸಾಗಣೆಗೆ ಹೂಡಿದ; ಟಿಪ್ಪು ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟ. ಫಿರಂಗಿಗಳನ್ನು ಎಳೆದುಕೊಂಡು ಕುದುರೆಗಳನ್ನು ಮೀರಿಸಿ ನಡೆದ ಎತ್ತುಗಳು ಈ ಹುಲ್ಲನ್ನು ತಿಂದು ಬೆಳೆದವು. ಮಳೆಗಾಲಕ್ಕೆ ಒಂದು ಕಾವಲು, ಚಳಿಗಾಲಕ್ಕೆ ಒಂದು, ಬೇಸಗೆಗೆ ಇನ್ನೊಂದು ಎಂದು ಋತುವಿಗೆ ತಕ್ಕಂತೆ ಹಿಂಡುಗಳನ್ನು ಓಡಾಡಿಸುತ್ತಿದ್ದರು. ಹುಲ್ಲಿಗೆ ಬಿಡುವು ಸಿಗಬೇಕು, ಬೇರಿಗೆ ಜೀವ ಬರಬೇಕು ಎಂಬುದನ್ನು ಬಲ್ಲವರು ಮಾಡಿದ ಏರ್ಪಾಡು ಅದು. ಭೂದೃಶ್ಯದ ಯೋಜನೆ ಎಂದರೆ ಇದಲ್ಲದೆ ಇನ್ನೇನು? ಕಾಗದದ ಮೇಲೆ ಬರೆಯಲಿಲ್ಲ ಎಂಬುದೊಂದೇ ಕೊರತೆ.

ಅರಮನೆಯ ದನಗಳು ಕಡಮೆಯಾದರೂ ಕಾವಲು ಬರಿದಾಗಲಿಲ್ಲ. ಮ್ಯಾಸಬೇಡರ ದೇವರ ಎತ್ತುಗಳು ಅಲ್ಲಿ ಮೇದವು. ನೊಗ ಹೊರಿಸದೆ, ದೇವರ ಹೆಸರಿನಲ್ಲಿ ಕಿಲಾರಿಗಳು ಕಾಯುವ ಹಿಂಡುಗಳು ಅವು. ಕಾಡುಗೊಲ್ಲರ, ಕುರುಬರ ಕುರಿಗಳು ಅಲ್ಲಿ ಮೇದವು. ಆ ಕುರಿಯ ಉಣ್ಣೆಯಿಂದ ಚಳ್ಳಕೆರೆಯ ಕರಿಯ ಕಂಬಳಿ ಬಂತು. ಎಣ್ಣೆಯ ಗಿರಣಿಗಳಿಂದ ಎರಡನೆಯ ಬೊಂಬಾಯಿ ಎಂದು ಹೆಸರಾದ ಊರು ಇದು. ಆ ಹೆಸರು ಹೇಳುವವರು ಕಂಬಳಿಯನ್ನು ಮರೆಯುತ್ತಾರೆ. ಗಿರಣಿಗೆ ಶೇಂಗಾ ಬೇಕು, ಶೇಂಗಾಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಹೊಲದಲ್ಲಿ ಕುರಿ ನಿಲ್ಲಿಸಬೇಕು, ಕುರಿಗೆ ಕಾವಲು ಬೇಕು. ಪೇಟೆಯ ಗದ್ದಿಗೆಯ ಮೇಲೆ ಕೂತವನಿಗೂ ಕಾವಲಿಗೂ ಇರುವ ನೆಂಟಸ್ತಿಕೆ ಇದು. ಕೃಷ್ಣಮೃಗಗಳಿಗೂ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೂ ಅದೇ ಮನೆ.

2008ರಿಂದ ಈಚೆಗೆ ಕೆಲವೇ ವರ್ಷಗಳಲ್ಲಿ ವರವು ಕಾವಲು, ಕುದಾಪುರ, ದೊಡ್ಡ ಉಳ್ಳಾರ್ತಿಗಳ ಸುತ್ತ ಸುಮಾರು 10,000 ಎಕರೆ ಇಂಥ ನೆಲವನ್ನು ವಿಜ್ಞಾನ ಸಂಸ್ಥೆಗಳಿಗೂ ರಕ್ಷಣಾ ಸಂಶೋಧನೆಗೂ ಮತ್ತಿತರ ಯೋಜನೆಗಳಿಗೂ ಕೊಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ 4,000 ಎಕರೆಗೂ ಮಿಕ್ಕು. ಬಾಬಾ ಅಣುಶಕ್ತಿ ಕೇಂದ್ರಕ್ಕೆ, ಇಸ್ರೋಗೆ ಅವರವರ ಪಾಲು. ಹಳ್ಳಿಯವರಿಗೆ ಇದು ತಿಳಿದದ್ದು ಗೋಡೆಯ ಪಾಯ ತೋಡುವಾಗ. ವ್ಯಾಜ್ಯ ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು; 2014ರಲ್ಲಿ ತೀರ್ಪೂ ಬಂತು; ಗೋಡೆ ನಿಂತಿತು.

ನನ್ನನ್ನು ವಿಜ್ಞಾನದ ವೈರಿ ಎಂದು ಯಾರೂ ತಿಳಿಯಬಾರದು. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲೆಯ ಉಪಾಧ್ಯಾಯರಿಗೆ ತರಬೇತಿ ಕೊಡುತ್ತಾರೆ, ಒಳ್ಳೆಯ ಕೆಲಸ. 2017ರಲ್ಲಿ ಆರಂಭವಾದ ವಿಮಾನ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದವರು ಮರಳಿ ಬಳಸಬಹುದಾದ ವಾಹನವನ್ನು ಮೇಲಿನಿಂದ ಬಿಟ್ಟು, ಅದು ತಾನೇ ತಾನಾಗಿ ಓಡುದಾರಿಗೆ ಇಳಿಯುವಂತೆ ಮಾಡಿದರು. ಪತ್ರಿಕೆಯಲ್ಲಿ ಓದಿ ನಾನೂ ಹಿಗ್ಗಿದೆ. ದೇಶಕ್ಕೆ ಓಡುದಾರಿ ಬೇಕು, ಸರಿಯೆ. ಆದರೆ ಬೇಕಾದದ್ದನ್ನು ಬೇಕೆಂದು ಕೇಳಿ ಪಡೆಯುವುದು ಒಂದು ರೀತಿ. ಅಲ್ಲಿ ಯಾರೂ ಇಲ್ಲ, ಏನೂ ಇಲ್ಲ, ಬರೀ ಬಂಜರು ಎಂದು ಹೇಳಿ ಪಡೆಯುವುದು ಇನ್ನೊಂದು. ಮೊದಲನೆಯ ರೀತಿಯಲ್ಲಿ ಕಳೆದುಕೊಳ್ಳುವವನಿಗೆ ಉತ್ತರ ಹೇಳಬೇಕಾಗುತ್ತದೆ. ಎರಡನೆಯ ರೀತಿಯಲ್ಲಿ ಕಳೆದುಕೊಂಡವನೇ ಇಲ್ಲವಾಗುತ್ತಾನೆ.

ಇದರ ಜತೆಗೆ ಬರ್ಲಿನ್ ನಗರದ ಒಂದು ಸಂಗತಿಯನ್ನು ಇಟ್ಟು ನೋಡಿ. ಆ ಊರಿನ ಟೆಂಪಲ್‌ಹೋಫ್ ವಿಮಾನ ನಿಲ್ದಾಣವನ್ನು 2008ರಲ್ಲಿ ಮುಚ್ಚಿದರು. ಊರ ನಡುವೆ ಸುಮಾರು 300 ಹೆಕ್ಟೇರ್ ಬಯಲು. 2010ರಲ್ಲಿ ಅದನ್ನು ಜನಕ್ಕೆ ತೆರೆದರು. ಅಂಚಿನಲ್ಲಿ ಮನೆಗಳನ್ನೂ ದೊಡ್ಡ ಗ್ರಂಥಾಲಯವನ್ನೂ ಕಟ್ಟಬೇಕೆಂದು ನಗರದ ಆಡಳಿತ ಯೋಜಿಸಿತು. ಊರವರು ಸಹಿ ಸಂಗ್ರಹಿಸಿ ಮತಕ್ಕೆ ಹಾಕಿಸಿದರು. 2014ರ ಮೇ ತಿಂಗಳಲ್ಲಿ ಬಯಲು ಬಯಲಾಗಿಯೇ ಇರಲಿ ಎಂದು ಬಹುಮತದಿಂದ ಗೆದ್ದರು. ಹಳೆಯ ಓಡುದಾರಿಯ ಮೇಲೆ ಮಕ್ಕಳು ಸೈಕಲ್ ಹೊಡೆಯುತ್ತಾರೆ, ಬದಿಯ ಹುಲ್ಲಿನಲ್ಲಿ ನೆಲಹಕ್ಕಿಗಳು ಮೊಟ್ಟೆಯಿಡುತ್ತವೆ, ಮರಿ ಮಾಡುವ ಕಾಲದಲ್ಲಿ ಆ ಭಾಗಕ್ಕೆ ಯಾರೂ ಹೋಗುವುದಿಲ್ಲ. ಅಲ್ಲಿಯವರು ಓಡುದಾರಿಯನ್ನು ಹುಲ್ಲಿಗೆ ಬಿಟ್ಟರು. ನಾವು ಹುಲ್ಲನ್ನು ಓಡುದಾರಿಗೆ ಬಿಟ್ಟೆವು. ಅವರನ್ನು ಮತ ಕೇಳಿದರು. ನಮ್ಮನ್ನು?

ಹೊರದೇಶದ ಉದಾಹರಣೆಗಳೆಲ್ಲ ಹೀಗೆ ಚೆಂದವೆಂದೂ ಅಲ್ಲ. ಉದ್ಯಾನಗಳಿಗೆಲ್ಲ ತಾಯಿ ಎಂದು ವಿನ್ಯಾಸದ ಪಂಡಿತರು ಕೊಂಡಾಡುವ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನೇ ನೋಡಿ. ಅದು ಏಳುವ ಮೊದಲು ಆ ನೆಲದಲ್ಲಿ ಸೆನೆಕಾ ವಿಲೇಜ್ ಎಂಬ ಹಳ್ಳಿಯಿತ್ತು. ಇನ್ನೂರಕ್ಕೂ ಮಿಕ್ಕ ಜನ, ಹೆಚ್ಚಿನವರು ಕರಿಯರು, ಸ್ವಂತ ಮನೆಗಳು, ಇಗರ್ಜಿಗಳು, ಒಂದು ಶಾಲೆ. 1857ರಲ್ಲಿ ಅವರನ್ನೆಲ್ಲ ಎಬ್ಬಿಸಿದರು. ಪತ್ರಿಕೆಗಳು ಅಲ್ಲಿರುವವರನ್ನು ಗುಡಿಸಲಿನ ಅತಿಕ್ರಮಣಕಾರರೆಂದು ಬಣ್ಣಿಸಿದ್ದವು. ಅದೇ ಉದ್ಯಾನದಲ್ಲಿ 1864ರಿಂದ 1934ರವರೆಗೆ, ಎಪ್ಪತ್ತು ವರ್ಷ, ಕುರಿಯ ಮಂದೆ ಮೇಯುತ್ತಿತ್ತು. ಆ ಬಯಲಿಗೆ ಕುರಿಯ ಹೆಸರೇ ಇಂದಿಗೂ ಇದೆ. ನ್ಯೂಯಾರ್ಕಿನ ಶ್ರೀಮಂತರ ಕಣ್ಣಿಗೆ ಕುರಿ ಶೋಭೆಯಾಗಿತ್ತು. ನಮ್ಮ ಬೇಲಿಯ ಫಲಕಗಳಲ್ಲಿ ‘ಜಾನುವಾರುಗಳಿಗೆ ಪ್ರವೇಶವಿಲ್ಲ’ ಎಂಬುದು ಮೊದಲ ಸಾಲು.

ಇಲ್ಲಿ ಎದುರಾಳಿಗಳ ಒಂದು ವಾದವನ್ನು ಗೌರವದಿಂದಲೇ ಕೇಳಬೇಕು. “ಹಾಗಾದರೆ ಇದ್ದದ್ದು ಇದ್ದಂತೆ ಇರಲೇ? ತೋಪಿನ ತುಂಬ ಬಳ್ಳಾರಿ ಜಾಲಿ, ಪ್ಲಾಸ್ಟಿಕ್ಕು, ಒಡೆದ ಸೀಸೆ. ಸಂಜೆಯಾದರೆ ಹೆಣ್ಣುಮಕ್ಕಳು ಆ ಕಡೆ ಕಾಲಿಡುವಂತಿಲ್ಲ. ಒಂದು ಕಡೆಯಿಂದ ಒತ್ತುವರಿ. ಬೇಲಿ ಹಾಕದಿದ್ದರೆ ನಾಳೆ ಅಲ್ಲಿ ಮಳಿಗೆ ಏಳುತ್ತದೆ” ಎನ್ನುತ್ತಾರೆ. ಇದೆಲ್ಲ ನಿಜ. ಉದ್ಯಾನದ ಜಾಗವನ್ನು ಕಬಳಿಸುವವರು ಕಡಮೆಯವರಲ್ಲ. ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಬಡಾವಣೆಯ ನಿವಾಸಿಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಎಳೆದು 1991ರಲ್ಲಿ ಗೆಲ್ಲಬೇಕಾಯಿತು. ಉದ್ಯಾನ, ಆಟದ ಬಯಲುಗಳನ್ನು ಕಾಪಾಡಲು 1985ರ ಒಂದು ಕಾಯಿದೆಯೇ ನಮ್ಮ ರಾಜ್ಯದಲ್ಲಿದೆ. ಕಾಯಿದೆ ಕಾಪಾಡುವುದು ಪಟ್ಟಿಯಲ್ಲಿ ಸೇರಿದ ಜಾಗಗಳನ್ನು. ನಮ್ಮ ತೋಪುಗಳು ಯಾವ ಪಟ್ಟಿಯಲ್ಲಿವೆ?

ಆದ್ದರಿಂದ ಯೋಜನೆ ಬೇಡವೆಂಬುದು ನನ್ನ ಮಾತಲ್ಲ. ಜಾಲಿಯನ್ನು ಬೇರುಸಹಿತ ಕೀಳಲಿ. ಗಡಿ ಅಳೆದು ಕಲ್ಲು ನೆಡಲಿ. ದೀಪ ಹಾಕಲಿ; ಮೊದಲು ದೀಪ, ಆಮೇಲೆ ಉಳಿದದ್ದು. ಹೆಂಗಸರಿಗೆ ಶೌಚಾಲಯ ಕಟ್ಟಲಿ, ಅದಕ್ಕೆ ನೀರು ಬಿಡಲಿ. ಇದಕ್ಕೆಲ್ಲ ಓದಿದ ವಿನ್ಯಾಸಕಾರ ಬೇಕೇ ಬೇಕು. ಅವನು ಹುಲ್ಲುಹಾಸಿನ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಬರಬಾರದು, ಅಷ್ಟೆ.

ಹುಲ್ಲುಹಾಸಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ನಮ್ಮ ಬೇಸಗೆಯಲ್ಲಿ ಮೆತ್ತನೆಯ ಹುಲ್ಲು ಹಸಿರಾಗಿ ನಿಲ್ಲಬೇಕಾದರೆ ದಿನಕ್ಕೆ ಐದು ಮಿಲಿಮೀಟರಿನಷ್ಟಾದರೂ ನೀರು ಬೇಕು. ಎಂದರೆ ಚದರ ಮೀಟರಿಗೆ ಐದು ಲೀಟರು. ಒಂದು ಎಕರೆಗೆ 4,047 ಚದರ ಮೀಟರು. ಗುಣಿಸಿದರೆ ದಿನಕ್ಕೆ ಸುಮಾರು 20,000 ಲೀಟರು. 5,000 ಲೀಟರಿನ ಟ್ಯಾಂಕರು ನಾಲ್ಕು. ಬೀದಿಯ ನಲ್ಲಿಯ ಮುಂದೆ ಕೊಡಗಳ ಸಾಲಿರುವ ಊರಿನಲ್ಲಿ, ದಿನಕ್ಕೆ ನಾಲ್ಕು ಟ್ಯಾಂಕರು ನೀರನ್ನು ಯಾರೂ ಕಾಲಿಡಬಾರದ ಹುಲ್ಲಿಗೆ ಸುರಿಯಲು ಯಾವ ಸದಸ್ಯ ಕೈಯೆತ್ತುತ್ತಾನೆ? ಉದ್ಘಾಟನೆಯ ದಿನ ಎತ್ತಾನು. ಮುಂದಿನ ಮಾರ್ಚಿಯಲ್ಲಿ ಟ್ಯಾಂಕರು ನಿಲ್ಲುತ್ತದೆ, ಹುಲ್ಲು ಸಾಯುತ್ತದೆ, ಕಾರಂಜಿಯ ತೊಟ್ಟಿಯಲ್ಲಿ ಕಸ ತುಂಬುತ್ತದೆ, ಬಾಗಿಲಿಗೆ ಬೀಗ ಬೀಳುತ್ತದೆ. ಇಂಥ ಬೀಗ ಬಿದ್ದ ಒಂದು ಉದ್ಯಾನದ ಮುಂದೆ ನಾನು ದಿನವೂ ಹಾಯುತ್ತೇನೆ. ಬೇಲಿಯ ಒಳಗೆ ಸಿಮೆಂಟಿನ ಜಿಂಕೆಯೊಂದು ಕಿವಿ ಮುರಿದುಕೊಂಡು ನಿಂತಿದೆ. ನಿಜವಾದ ಜಿಂಕೆಗಳಿದ್ದ ಸೀಮೆ ಇದು! ಈಗ ಹೇಳಿ, ಸದುಪಯೋಗವಾಗದ ಹಸಿರು ಜಾಗವೆಂದರೆ ಯಾವುದು?

ಹಸಿರೆಂಬ ಮಾತೇ ನಮ್ಮಲ್ಲಿ ತೊಡಕಿನದು. ವರ್ಷಕ್ಕೆ 500 ಮಿಲಿಮೀಟರಿಗೂ ಕಡಮೆ ಮಳೆ ಬೀಳುವ ನೆಲ ಇದು. ಬೆಂಗಳೂರಿಗೆ ಹೆಚ್ಚು ಕಡಮೆ ಇದರ ಎರಡರಷ್ಟು ಬೀಳುತ್ತದೆ. ನಮ್ಮ ಕರಡ, ಹಂಚಿ, ಗರಿಕೆಗಳು ಹಸಿರಾಗಿರುವುದು ಮೂರು ನಾಲ್ಕು ತಿಂಗಳು. ಉಳಿದಂತೆ ಅವು ಹುರಿಗಡಲೆಯ ಬಣ್ಣಕ್ಕೆ ತಿರುಗಿ, ಬೇರಿನಲ್ಲಿ ಜೀವ ಹಿಡಿದು ಕಾಯುತ್ತವೆ. ಒಂದು ಹದಮಳೆ ಬಿದ್ದರೆ ವಾರದಲ್ಲಿ ಚಿಗುರುತ್ತವೆ. ಒಣಗಿದ ಆ ಹುಲ್ಲನ್ನು ಸತ್ತ ಹುಲ್ಲೆಂದು ತಿಳಿಯುವ ಕಣ್ಣು ಮಲೆನಾಡಿನಲ್ಲಿಯೋ ವಿಲಾಯಿತಿಯ ಪುಸ್ತಕಗಳಲ್ಲಿಯೋ ಪಳಗಿದ ಕಣ್ಣು. ಕಾವಲನ್ನು ಬಂಜರೆಂದು ಬರೆದದ್ದೂ ಅದೇ ಕಣ್ಣು.

ಲಾಲ್‌ಬಾಗಿನ ಕ್ರುಂಬಿಗಲ್ ಸಾಹೇಬನನ್ನು ಇಲ್ಲಿ ನೆನೆಯಬೇಕು. 1908ರಲ್ಲಿ ಮೈಸೂರಿನ ಸೇವೆಗೆ ಬಂದ ಆ ಜರ್ಮನ್, ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂ ಉದುರುವಾಗ ಇನ್ನೊಂದು ಅರಳುವಂತೆ ಸಾಲು ಸಾಲಾಗಿ ಮರ ನೆಡಿಸಿದ. ನಮ್ಮ ವಿನ್ಯಾಸಕಾರರು ಅವನಿಂದ ಗುಲ್‌ಮೊಹರನ್ನು ಮಾತ್ರ ಕಲಿತರು. ಊರಿನ ಋತುಗಳ ಪಂಚಾಂಗವನ್ನು ಓದಿ ಮರ ಆರಿಸಬೇಕೆಂಬ ಅವನ ವಿದ್ಯೆಯನ್ನು ಕಲಿಯಲಿಲ್ಲ. ಚಳ್ಳಕೆರೆಯ ಪಂಚಾಂಗ ಹೂವಿನದಲ್ಲ, ನೆರಳಿನದು. ಮಾರ್ಚಿಯಿಂದ ಜೂನಿನವರೆಗೆ ಎಲೆ ತುಂಬಿರುವ ಮರ ಯಾವುದು? ಬೇಸಗೆಯ ಹೊಸ್ತಿಲಲ್ಲೇ ಚಿಗುರುವ ಬೇವು, ಹೊಂಗೆ. ಎಂದೂ ಪೂರ್ತಿ ಬೋಳಾಗದ ಹುಣಸೆ. ಕಲ್ಲುನೆಲದಲ್ಲೂ ಬೇರಿಳಿಸುವ ಕಮರ, ಬನ್ನಿ. ಇವಕ್ಕೆ ಮೂರು ವರ್ಷ ನೀರು ಹೊತ್ತರೆ ನಾಲ್ಕನೆಯ ವರ್ಷದಿಂದ ಅವೇ ನಮ್ಮನ್ನು ಹೊರುತ್ತವೆ.

ಮೊಳಕಾಲ್ಮೂರಿನವರಿಗೆ ಈ ಮಾತನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಅಲ್ಲಿರುವುದು ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯದ ಮಾತು. ಅದೇ ಅರಸ ಉತ್ತರದ ಒಂದು ಸ್ತಂಭದ ಮೇಲೆ ದಾರಿಯುದ್ದಕ್ಕೂ ಆಲ ನೆಡಿಸಿದ ವಿಷಯವನ್ನು ಬರೆಸಿದ. ನೆರಳು ಯಾರಿಗೆಂದರೆ, ಪಶುಗಳಿಗೂ ಮನುಷ್ಯರಿಗೂ. ಪಶುವಿನ ಹೆಸರು ಮೊದಲು ಬರುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳ ಕೆಳಗೆ ಒಬ್ಬ ಚಕ್ರವರ್ತಿಗೆ ತೋಚಿದ ಸಂಗತಿ ನಮ್ಮ ನಕ್ಷೆಗಳಿಗೆ ತೋಚುವುದಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ನೆನೆಯುವುದು ಕೆರೆ ಕಟ್ಟಿಸಿದ ಗುರುವೆಂದು. ಕೆರೆ ಕಟ್ಟಿಸುವಾಗ ದನಕ್ಕೊಂದು ನೀರು, ಜನಕ್ಕೊಂದು ನೀರು ಎಂದು ಅವರು ಬೇಲಿ ಹಾಕಿಸಿರಲಾರರು.

ಮೊಳಕಾಲ್ಮೂರಿನ ಸಂಗತಿ ಇನ್ನೂ ಒಂದು ಬಗೆಯಲ್ಲಿ ವಿಚಾರ ಮಾಡತಕ್ಕದ್ದು. ಊರ ಬೆನ್ನಿಗೆ ಕಲ್ಲುಗುಡ್ಡ, ಗುಡ್ಡದ ಬುಡದಲ್ಲಿ ಮಗ್ಗದ ಮನೆಗಳು. ರೇಷ್ಮೆ ಸೀರೆಯ ಹೆಸರು ದೇಶದೇಶಕ್ಕೆ ಹೋಗಿದೆ. ನೇಯುವವನು ಮಾತ್ರ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕತ್ತಲಲ್ಲಿ ಕೂತಿದ್ದಾನೆ. ಅವನ ಮನೆಯಲ್ಲಿ ಮಗ್ಗಕ್ಕೆ ಜಾಗವುಂಟು, ಮಕ್ಕಳು ಆಡಲಿಕ್ಕಿಲ್ಲ. ದಿನವಿಡೀ ಕಣ್ಣನ್ನು ಎಳೆಯ ಮೇಲಿಟ್ಟವನಿಗೆ ಸಂಜೆ ಕಣ್ಣು ಹಾಯಿಸಲು ಒಂದು ಬಯಲು ಬೇಕು. ಹಾಸು ಹಿಡಿಯಲು ಬೆಳಗಿನ ಹೊತ್ತು ಒಂದು ಉದ್ದನೆಯ ನೆರಳು ಬೇಕು. ಇಂಥವನ ಬೀದಿಯ ತುದಿಯಲ್ಲಿ ಎರಡು ಸಾಲು ಹೊಂಗೆ, ನಡುವೆ ಗುಡಿಸಿದ ನೆಲ, ಬದಿಗೊಂದು ಕಲ್ಲುಕಟ್ಟೆ, ಒಂದು ದೀಪ, ಒಂದು ನಲ್ಲಿ ಮಾಡಿಕೊಟ್ಟರೆ ಅದು ಉದ್ಯಾನವಲ್ಲವೆ? ಬಹುಮಾನಕ್ಕೆ ಕಳಿಸುವ ಚಿತ್ರದಲ್ಲಿ ಅದು ಚೆನ್ನಾಗಿ ಕಾಣದಿರಬಹುದು.

ಚಳ್ಳಕೆರೆಯ ನಗರಸಭೆಯವರೂ ಮೊಳಕಾಲ್ಮೂರಿನ ಪಟ್ಟಣ ಪಂಚಾಯತಿಯವರೂ ಯಾವ ತೋಪಿನ, ಯಾವ ಕೆರೆಯಂಗಳದ ಮೇಲೆ ನಕ್ಷೆ ಬರೆಸುವ ಮುನ್ನವೂ ಒಂದು ಕೆಲಸ ಮಾಡಲಿ. ಒಬ್ಬ ಗುಮಾಸ್ತನನ್ನೋ ಕಾಲೇಜಿನ ನಾಲ್ಕು ಹುಡುಗ ಹುಡುಗಿಯರನ್ನೋ ಒಂದು ಪುಸ್ತಕ ಕೊಟ್ಟು ಅಲ್ಲಿ ಕೂರಿಸಲಿ. ತಿಂಗಳಿಗೆ ನಾಲ್ಕು ದಿನ, ಹೊತ್ತು ಹುಟ್ಟುವುದರಿಂದ ರಾತ್ರಿ ಹತ್ತರವರೆಗೆ, ಯುಗಾದಿಯಿಂದ ಯುಗಾದಿಗೆ ಒಂದು ವರ್ಷ. ಬಂದವರು ಯಾರು, ಎಷ್ಟು ಜನ, ಏನು ಮಾಡಿದರು, ಎಷ್ಟು ಮೇಕೆ, ಎಷ್ಟು ಕುರಿ, ಬರಬೇಕಾಗಿದ್ದು ಬಾರದವರು ಯಾರು, ಏಕೆ, ಎಲ್ಲ ಬರೆಯಲಿ. ಆ ಪುಸ್ತಕವನ್ನು ಪುರಭವನದ ಮೇಜಿನ ಮೇಲಿಟ್ಟು, ಹೆಸರು ಬಂದವರನ್ನೆಲ್ಲ ಕರೆದು, ಸಭೆಯಲ್ಲಿ ಓದಲಿ. ನಕ್ಷೆಯವನು ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳಲಿ. ಇದಕ್ಕಾಗುವ ಖರ್ಚು ಒಂದು ಕಾರಂಜಿಯ ಮೋಟಾರಿನಷ್ಟೂ ಆಗಲಾರದು.

ಓದಿದ ಮೇಲೂ ಬೇಲಿ ಬೇಕೇ ಬೇಕೆಂದು ಸಭೆಗೆ ತೋರಿದರೆ ಹಾಕಲಿ, ನಾನೂ ಕೈಯೆತ್ತುತ್ತೇನೆ. ಬಾಗಿಲು ಎಲ್ಲಿ ಇಡಬೇಕು, ಮೇಕೆಗಳಿಗೆ ಯಾವ ಕಡೆಯಿಂದ ದಾರಿ, ಜಾತ್ರೆಯ ಗಾಡಿಗಳಿಗೆ ಎಷ್ಟು ಅಗಲ ಬೇಕು, ಬೀಗದ ಕೈ ಯಾರ ಸೊಂಟದಲ್ಲಿರಬೇಕು ಎಂಬುದನ್ನೂ ಅದೇ ಸಭೆ ಅಂದೇ ತೀರ್ಮಾನಿಸಿ ನಡವಳಿಯಲ್ಲಿ ಬರೆಸಲಿ. ಮೇಕೆಯ ಅಜ್ಜಿಯನ್ನು ಕರೆಯಲು ಮರೆಯಬಾರದು. ಅವಳು ಮಧ್ಯಾಹ್ನ ಮೂರರ ಮೇಲೆ ಸಿಗುವುದಿಲ್ಲ; ಸಭೆಯನ್ನು ಅದಕ್ಕೆ ಮುಂಚೆ ಇಟ್ಟುಕೊಳ್ಳಬೇಕು.